ಸುಣ್ಣ ಬಳಿಯೋದು ಕೊನೇ ಕೆಲಸ

ಊರೊಳಗಿನ ಹಳೇ ಮನೆ ಮಾರಬೇಕು ಅಂದ ತಕ್ಷಣ ನಮ್ಮವರು ಮಾಡುವ ಮೊದಲ ಕೆಲಸ ಸುಣ್ಣ ತರುವುದು. ನಾನೂ ಹಾಗೇ ಮಾಡಿದ್ದೆ. ಈಗ ಹೇಳ್ತೀನಿ, ಸುಣ್ಣ ಬಳಿಯೋದು ಕೊನೇ ಕೆಲಸ. ಅದಕ್ಕೆ ಮುಂಚೆ ಎರಡು ತಿಂಗಳ ಕೆಲಸ ಇದೆ. ಆ ಕೆಲಸಕ್ಕೆ ಸರಿಯಾದ ಕಾಲ ಚಳಿಗಾಲವೇ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಮನೆ ಸಿದ್ಧ ಮಾಡಿ, ಸಂಕ್ರಾಂತಿ ಕಳೆದ ಮೇಲೆ ಮಾರಿ. ಇದು ನನ್ನ ಅಭಿಪ್ರಾಯ.

ನಮ್ಮದು ಚಳ್ಳಕೆರೆ ಸೀಮೆ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಐದು ಎಕರೆ ಖುಷ್ಕಿ ಜಮೀನು. ಶೇಂಗಾ, ರಾಗಿ, ತೊಗರಿ ಬೆಳೀತೀನಿ. ಓದಿದ್ದು ಏಳನೇ ಕ್ಲಾಸು. ನಾನು ಕಾನೂನು ಬಲ್ಲವನಲ್ಲ, ಗಾರೆ ಕೆಲಸದವನೂ ಅಲ್ಲ. ಎರಡು ಮನೆ ಮಾರಿದವನು, ಅಷ್ಟೇ. ಒಂದನ್ನು ಕೆಟ್ಟದಾಗಿ ಮಾರಿದೆ, ಇನ್ನೊಂದನ್ನು ಸರಿಯಾಗಿ ಮಾರಿದೆ. ಎರಡನ್ನೂ ಬರೀತೀನಿ.

ಬೇಸಿಗೆಯಲ್ಲಿ ಮಾರಿದ ಮನೆ

2017ರ ಮೇ ತಿಂಗಳು. ಮಗಳ ಮದುವೆ ಗೊತ್ತಾಗಿತ್ತು, ಕೈಯಲ್ಲಿ ಕಾಸಿರಲಿಲ್ಲ. 1998ರಲ್ಲಿ ನಾನೇ ಕಟ್ಟಿದ್ದ ಎರಡು ಅಂಕಣದ ಸಣ್ಣ ಮನೆ ಇತ್ತು. ಮೇಲೆ ಕಲ್ಲು ಚಪ್ಪಡಿ. ನಾವು ಹೊಲದ ಮನೆಗೆ ಬಂದ ಮೇಲೆ ಅದು ಖಾಲಿ ಬಿದ್ದಿತ್ತು. ಹಿಂದಿನ ಗೋಡೆಯ ಹತ್ತಿರ ಚಪ್ಪಡಿ ಸಂದಿಯಲ್ಲಿ ಸೋರುತ್ತಿತ್ತು. ಗೋಡೆ ಮೇಲೆ ನೀರು ಇಳಿದ ಕಲೆ ಎದ್ದು ಕಾಣುತ್ತಿತ್ತು.

ಸಂದಿಗೆ ಒಂದಿಷ್ಟು ಸಿಮೆಂಟು ಮೆತ್ತಿದೆ. ಕಲೆ ಮೇಲೆ ಸುಣ್ಣ ಹೊಡೆಸಿದೆ. ಅದರ ಮೇಲೆ ನೀಲಿ ಬಣ್ಣ. ಬೇಸಿಗೆ ಬಿಸಿಲಿಗೆ ಗೋಡೆ ಕಣಕ್ಕಿಂತ ಚೆನ್ನಾಗಿ ಒಣಗಿತ್ತು. ಪಕ್ಕದೂರಿನ ದರ್ಜಿ ಒಬ್ಬ ಬಂದು ನೋಡಿ, 2,60,000 ರೂಪಾಯಿಗೆ ಕೊಂಡ. ಸೋರೋ ವಿಷಯ ಅವನು ಕೇಳಲಿಲ್ಲ, ನಾನು ಹೇಳಲಿಲ್ಲ.

ಸೆಪ್ಟೆಂಬರಿನಲ್ಲಿ ಎರಡು ಹದ ಮಳೆ ಆಯಿತು. ಮೆತ್ತಿದ ಸಿಮೆಂಟು ಬಿಟ್ಟುಕೊಂಡು, ಜನ ಹೊಲಿಯಲು ಕೊಟ್ಟಿದ್ದ ಬಟ್ಟೆ ಮೇಲೆ ನೀರು ಬಿತ್ತಂತೆ. ಅವನು ಜಗಳಕ್ಕೆ ಬರಲಿಲ್ಲ. ಸಂತೆಯಲ್ಲಿ ಸಿಕ್ಕಾಗ ಇಷ್ಟೇ ಅಂದ: “ಅಣ್ಣಾ, ಸೋರ್ತೈತೆ ಅಂತ ಒಂದ್ ಮಾತು ಹೇಳಿದ್ರೆ ಹತ್ತು ಸಾವಿರ ಕಮ್ಮಿ ಕೇಳ್ತಿದ್ದೆ, ಅಷ್ಟೇಯ. ಮನೇನಂತೂ ಬಿಡ್ತಿರ್ಲಿಲ್ಲ.”

ಬೈದಿದ್ದರೆ ನಾನೂ ಬೈದು ಮರೆತುಬಿಡುತ್ತಿದ್ದೆ. ಅವನು ಬೈಯಲಿಲ್ಲ. ಆಮೇಲೆ ಎಷ್ಟೋ ವರ್ಷ ಆ ಬೀದಿಯಲ್ಲಿ ಹೋಗಲು ನನಗೆ ಮುಖ ಇರಲಿಲ್ಲ.

ಚಳಿಗಾಲವೇ ಯಾಕೆ

ಇದಕ್ಕೆ ನಾನು ಮೂರು ಕಾರಣ ಕೊಡ್ತೀನಿ.

ಒಂದು, ಬೇಸಿಗೆಯಲ್ಲಿ ಎಲ್ಲಾ ಮನೆಯೂ ಒಣಗಿರುತ್ತೆ. ಸೋರುವ ಮನೆ, ಸೋರದ ಮನೆ ಎರಡೂ ಒಂದೇ ಥರ ಕಾಣುತ್ತವೆ. ಚಿತ್ತೆ, ಸ್ವಾತಿ ಮಳೆ ಕಳೆದ ಹೊಸದರಲ್ಲಿ ಹಾಗಲ್ಲ. ಎಲ್ಲಿ ನೀರು ಇಳಿದಿದೆ, ಯಾವ ಮೂಲೆ ತೇವ ಕುಡಿದಿದೆ, ಎಲ್ಲಿ ಉಪ್ಪು ಹೂವಾಗಿ ಎದ್ದಿದೆ ಎಂದು ಮನೆ ತಾನೇ ತೋರಿಸುತ್ತೆ. ಮಾರುವವನಿಗೆ ತನ್ನ ಮನೆಯ ರೋಗ ಏನು ಅಂತ ಗೊತ್ತಾಗುವ ಕಾಲ ಅದು. ರೋಗ ಗೊತ್ತಾದರೆ ತಾನೇ ಔಷಧಿ?

ಎರಡು, ಬೇಸಿಗೆಯಲ್ಲಿ ನಮಗೆ ಗರಜು. ಮದುವೆ, ಬಿತ್ತನೆ ಬೀಜ, ಗೊಬ್ಬರ, ಮಕ್ಕಳ ಫೀಜು ಎಲ್ಲಾ ಒಟ್ಟಿಗೇ ಬರುತ್ತವೆ. ದಲ್ಲಾಳಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಚಳಿಗಾಲದಲ್ಲಿ ಶೇಂಗಾ ಮಾರಿದ ದುಡ್ಡು ಸ್ವಲ್ಪವಾದರೂ ಕೈಯಲ್ಲಿರುತ್ತೆ, ಹಗೇವಿನಲ್ಲೋ ಚೀಲದಲ್ಲೋ ರಾಗಿ ಇರುತ್ತೆ. “ಆ ರೇಟಿಗೆ ಕೊಡಲ್ಲ” ಅನ್ನುವ ಧೈರ್ಯ ಹೊಟ್ಟೆ ತುಂಬಿದಾಗ ಮಾತ್ರ ಬರೋದು.

ಮೂರು, ಧನುರ್ಮಾಸ. ಡಿಸೆಂಬರ್ ಮಧ್ಯದಿಂದ ಸಂಕ್ರಾಂತಿವರೆಗೆ ನಮ್ಮ ಕಡೆ ಯಾರೂ ಮನೆ ಕೊಳ್ಳೋದಿಲ್ಲ, ಗೃಹಪ್ರವೇಶ ಮಾಡೋದಿಲ್ಲ. ನಂಬೋದು ಬಿಡೋದು ಅವರವರಿಗೆ ಬಿಟ್ಟದ್ದು. ಆದರೆ ಕೊಳ್ಳುವವರು ಬಾರದ ಒಂದು ತಿಂಗಳು ರಿಪೇರಿಗೆ ಬಿಟ್ಟಿ ಸಿಕ್ಕಂತೆ. ಸಂಕ್ರಾಂತಿ ಆದ ಮಾರನೇ ದಿನದಿಂದ ವಿಚಾರಿಸುವವರು ಬರುತ್ತಾರೆ. ಅಷ್ಟರೊಳಗೆ ಮನೆ ಸಿದ್ಧ ಇರಬೇಕು.

“ಸುಗ್ಗಿ ಕಾಲ, ಪುರುಸೊತ್ತೆಲ್ಲಿ?” ಅಂತ ಕೇಳುವವರಿದ್ದಾರೆ. ನಿಜ. ಆದರೆ ದಿನಕ್ಕೆ ಎರಡು ತಾಸಿನ ಕೆಲಸ ಇದು. ಶೇಂಗಾ ಒಣಗಲು ಹರವಿದ ಮೇಲೆ ನೆರಳಲ್ಲಿ ಕೂತು ಬೀಡಿ ಸೇದುವ ಹೊತ್ತು ಸಾಕು.

ಮೊದಲು ಕಾಗದ

ಅಪ್ಪ ಕಟ್ಟಿಸಿದ ಮಾಳಿಗೆ ಮನೆ ಊರೊಳಗೆ ಇತ್ತು. ಅಪ್ಪ 2011ರಲ್ಲಿ, ಅವ್ವ 2015ರಲ್ಲಿ ಹೋದರು. ತಮ್ಮ ಬೆಂಗಳೂರಿನಲ್ಲಿ ಕೆಲಸಕ್ಕಿದ್ದಾನೆ. ಅಕ್ಕನನ್ನು ಮೊಳಕಾಲ್ಮೂರು ಕಡೆಗೆ ಕೊಟ್ಟಿದೆ. ಮನೆಯಲ್ಲಿ ಯಾರೂ ಇಲ್ಲ. ಮಣ್ಣಿನ ಮಾಳಿಗೆ ಮನೆ ಜನ ಇಲ್ಲದೆ ಬಹಳ ವರ್ಷ ನಿಲ್ಲೋದಿಲ್ಲ. ವರ್ಷಕ್ಕೊಮ್ಮೆ ಮಾಳಿಗೆಗೆ ಮಣ್ಣು ಕಾಣಿಸದಿದ್ದರೆ ನಾಲ್ಕು ಮಳೆಗೆ ತೊಲೆ ಸಮೇತ ಕೂರುತ್ತೆ. 2024ರ ಏಪ್ರಿಲ್‌ನಲ್ಲಿ ದಲ್ಲಾಳಿ ಬಂದು ನಾಲ್ಕು ಲಕ್ಷ ಅಂದ. ನನಗೆ 2017 ನೆನಪಾಯಿತು. “ಸಂಕ್ರಾಂತಿ ಮೇಲೆ ಬಾರಪ್ಪಾ” ಅಂದೆ.

ಕಾಗದ ತೆಗೆದು ನೋಡಿದರೆ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇತ್ತು. ಸತ್ತವರ ಹೆಸರಲ್ಲಿರುವ ಮನೆಯನ್ನು ಬದುಕಿರುವವರು ಮಾರೋಕಾಗಲ್ಲ. ಮರಣ ಪತ್ರ, ನಾಡಕಚೇರಿಯಿಂದ ವಂಶವೃಕ್ಷ, ಪಂಚಾಯಿತಿಗೆ ಪೌತಿ ಖಾತೆ ಅರ್ಜಿ, ತಕರಾರು ಇದ್ದರೆ ಹೇಳಿ ಅಂತ ನೋಟಿಸು, ಬಾಕಿ ಕಂದಾಯ. ಅದಾದ ಮೇಲೆ ಇ-ಸ್ವತ್ತಿನ ನಮೂನೆ 9 ಮತ್ತು 11ಎ. ಇವಿಲ್ಲದೆ ಹಳ್ಳಿ ಮನೆ ನೋಂದಣಿಗೆ ಹೋದರೆ ಬರಿಗೈಲಿ ವಾಪಸ್ಸು ಬರಬೇಕು. ಸಾಲ ಇಲ್ಲ ಅಂತ ತೋರಿಸುವ ಋಣಭಾರ ಪತ್ರ, ಜನ ಇ.ಸಿ. ಅಂತಾರಲ್ಲ, ಅದನ್ನೂ ತೆಗೆಸಿಟ್ಟುಕೊಳ್ಳಿ.

ಇನ್ನೊಂದು ಮುಖ್ಯ ವಿಷಯ ಅಳತೆ. ಹಳೇ ಖಾತೆಯಲ್ಲಿ ಬರೆದಿದ್ದು 30 ಅಡಿ, 42 ಅಡಿ. ಟೇಪು ಹಿಡಿದರೆ ಉದ್ದ 40 ಅಡಿಯೇ ಬಂತು. ಪಕ್ಕದವರ ಗೋಡೆ ಯಾವ ಕಾಲದಲ್ಲೋ ಇತ್ತ ಸರಿದಿದೆ. ಕೊಳ್ಳುವವನ ಎದುರಿಗೆ ಇದು ಗೊತ್ತಾಗಿದ್ದರೆ ವ್ಯಾಪಾರ ಅಲ್ಲಿಗೇ ನಿಲ್ಲುತ್ತಿತ್ತು. ಪಕ್ಕದವರನ್ನು ಕರೆದು ಚಹಾ ಕುಡಿಸಿ ಕೂತು ಮಾತಾಡಿದೆ. ಇರುವ ಅಳತೆಯನ್ನೇ ಬರೆಸಿದೆವು. 2020ರಲ್ಲಿ ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಡ್ರೋನ್ ಹಾರಿಸಿ ಊರ ಮನೆಗಳನ್ನು ಅಳೆದು ಆಸ್ತಿ ಕಾರ್ಡು ಕೊಡುತ್ತಾರೆ. ನಿಮ್ಮೂರಲ್ಲಿ ಅದು ಆಗಿದ್ದರೆ ಆ ಅಳತೆಗೂ ಖಾತೆಗೂ ತಾಳೆ ಇದೆಯಾ ನೋಡಿಕೊಳ್ಳಿ.

ಕಾಗದದ ಕೆಲಸ ನಾಲ್ಕು ದಿನದಲ್ಲಿ ಆಗೋದಲ್ಲ. ನಾನು ನವೆಂಬರ್ ಮೊದಲ ವಾರ ಶುರು ಮಾಡಿದೆ, ಕೈಗೆ ಸಿಕ್ಕಿದ್ದು ಜನವರಿ ಕೊನೆಗೆ. ಅದಕ್ಕೇ ಮೊದಲು ಕಾಗದ ಅನ್ನೋದು. ಅರ್ಜಿ ಕೊಟ್ಟು ಬಂದು, ಅದು ಓಡಾಡುವಾಗ ಗೋಡೆ ಕೆಲಸ ಮಾಡಿ.

ಅಕ್ಕನ ಸಹಿ

ಈ ಮಾತು ಬರೆಯೋದೋ ಬೇಡವೋ ಅಂತ ಯೋಚನೆ ಮಾಡಿದೆ. ಬರೆಯೋದೇ ಸರಿ.

ವಂಶವೃಕ್ಷದಲ್ಲಿ ಅಕ್ಕನ ಹೆಸರೂ ಬರುತ್ತೆ. ಅವಳ ಸಹಿ ಬೇಕು. ನಮ್ಮ ಕಡೆ ರೂಢಿ ಏನು? ಒಂದು ಸೀರೆ, ಕುಪ್ಪಸ, ಊಟ. ಹಕ್ಕು ಬಿಡುಗಡೆ ಅಂತ ಬರೆಸಿ ಸಹಿ ಹಾಕಿಸಿಕೊಳ್ಳೋದು. ನಾನೂ ಸೀರೆ ತಗೊಂಡೇ ಹೋಗಿದ್ದೆ. ಅಕ್ಕ ಸೀರೆ ಮುಟ್ಟಲಿಲ್ಲ. “ಅವ್ವ ಸತ್ತ ಮೇಲೆ ಒಂದ್ ಹಬ್ಬಕ್ಕೆ ಕರೀಲಿಲ್ಲ. ಈಗ ಸಹಿಗೆ ನೆನಪಾದ್ನೇನೋ ತಮ್ಮಾ?” ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಕಾನೂನು ಅವಳ ಕಡೆಗಿದೆ. ಪಿತ್ರಾರ್ಜಿತದಲ್ಲಿ ಮಗನಷ್ಟೇ ಹಕ್ಕು ಮಗಳಿಗೂ ಇದೆ ಅಂತ 2005ರ ಸೆಪ್ಟೆಂಬರಿನಿಂದ ದೇಶಕ್ಕೆಲ್ಲ ಕಾಯ್ದೆ ಬಂದಿದೆ. ಆ ದಿನ ಅಪ್ಪ ಬದುಕಿರಲಿ ಬಿಡಲಿ, ಮಗಳ ಹಕ್ಕು ಹೋಗಲ್ಲ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಕಾನೂನು ಹಾಗಿರಲಿ. ಆ ಮಾಳಿಗೆಗೆ ಮಣ್ಣು ಹೊತ್ತವಳು ಅಕ್ಕನೂ ಹೌದು. ನಾನು ಆಗ ಸ್ಲೇಟು ಹಿಡ್ಕೊಂಡು ಶಾಲೆಗೆ ಹೋಗುತ್ತಿದ್ದೆ, ಅವಳನ್ನು ಶಾಲೆ ಬಿಡಿಸಿದ್ದರು.

ತಮ್ಮನಿಗೆ ಫೋನು ಮಾಡಿದೆ. ಮೊದಲು ಗೊಣಗಿದ, ಆಮೇಲೆ ಒಪ್ಪಿದ. ಮೂರು ಸಮಪಾಲು. ಹಾಗಂತ ಅಕ್ಕನಿಗೆ ಹೇಳಿದ ಮೇಲೆ ಅವಳೇ ಪಂಚಾಯಿತಿಗೆ ಬಂದಳು, ನೋಂದಣಿ ದಿನ ನಮಗಿಂತ ಮೊದಲು ಬಂದು ಕೂತಿದ್ದಳು. ಮನೆ ಮಾರೋಕೆ ಸಿದ್ಧ ಮಾಡೋದು ಅಂದರೆ ಮೊದಲು ಮನೆಯವರನ್ನು ಸರಿ ಮಾಡ್ಕೊಳ್ಳೋದು. ಅಕ್ಕತಂಗೀರ ಸಹಿ ಸೀರೆಗೆ ತಗೋಬೇಡಿ.

ಮನೆ ಒಣಗಿಸುವುದು

ಇನ್ನು ಗೋಡೆ, ಮಾಳಿಗೆ ಕೆಲಸ. ನಾನು ಮಾಡಿದ ಕ್ರಮ ಹೇಳ್ತೀನಿ.

ಕಾರ್ತಿಕದಲ್ಲಿ ಮನೆಗೆ ಗಾಳಿ ಬಿಟ್ಟೆ. ಬೆಳಿಗ್ಗೆ ಬಿಸಿಲು ಏರಿದ ಮೇಲೆ ಬಾಗಿಲು, ಗವಾಕ್ಷಿ ಎಲ್ಲಾ ತೆರೆಯೋದು, ಸಂಜೆ ಇಬ್ಬನಿ ಬೀಳುವ ಮುಂಚೆ ಮುಚ್ಚೋದು. ಹಿತ್ತಲ ಗೋಡೆಗೆ ಒರಗಿದಂತೆ ಮಣ್ಣು, ಕಸ ಮೊಣಕಾಲುದ್ದ ಬೆಳೆದಿತ್ತು. ಅದನ್ನು ಎಳೆದು ಹಾಕಿ ನೀರು ಹೊರಕ್ಕೆ ಹರಿಯುವಂತೆ ಇಳಿಜಾರು ಮಾಡಿದೆ. ಬಚ್ಚಲ ನೀರು ಪಾಯಕ್ಕೇ ಇಳಿಯುತ್ತಿತ್ತು, ಪೈಪು ಹಾಕಿ ಚರಂಡಿಗೆ ಬಿಟ್ಟೆ. ಗೋಡೆಯ ತೇವಕ್ಕೆ ಮುಕ್ಕಾಲು ಪಾಲು ಕಾರಣ ಇವೇ ಎರಡು.

ಮಾಳಿಗೆ ಮೇಲೆ ಹುಲ್ಲು ಬೆಳೆದಿತ್ತು. ಬೀಜ ಉದುರುವ ಮುಂಚೆ ಬೇರು ಸಮೇತ ಕಿತ್ತೆ. ಇಲಿ ಬಿಲ ಮುಚ್ಚಿಸಿದೆ. ಮೇಲೆ ಎರಡು ಟ್ರ್ಯಾಕ್ಟರು ಕರಲು ಮಣ್ಣು ಹರಡಿ, ನೀರು ಚಿಮುಕಿಸಿ ಬಡಿಸಿದೆ. ಕರಲು ಮಣ್ಣು ಯಾಕೆ ಅಂತ ಈಗಿನ ಹುಡುಗರು ಕೇಳುತ್ತಾರೆ. ಹೊಲದಲ್ಲಿ ಕರಲು ಇದ್ದ ಕಡೆ ಬೆಳೆ ಬರಲ್ಲ, ಯಾಕೆಂದರೆ ನೀರು ಒಳಗೆ ಇಳಿಯಲ್ಲ. ನೆಂದ ತಕ್ಷಣ ಅಂಟಾಗಿ ಸಂದು ಮುಚ್ಚಿಕೊಳ್ಳುತ್ತೆ. ಹೊಲದಲ್ಲಿ ಕೆಟ್ಟದ್ದು ಮಾಳಿಗೆ ಮೇಲೆ ಒಳ್ಳೇದು.

ಎರಡು ಜಂತೆಗೆ ಗೆದ್ದಲು ಹಿಡಿದಿತ್ತು. ಬಣ್ಣ ಹೊಡೆದರೆ ಮುಚ್ಚಿಹೋಗುತ್ತಿತ್ತು. ಮುಚ್ಚಲಿಲ್ಲ, ಬದಲಿಸಿದೆ.

ಇಷ್ಟೆಲ್ಲ ಆಗಿ, ಗೋಡೆ ಒಣಗಿದ ಮೇಲೆ ಪುಷ್ಯ ಮಾಸದಲ್ಲಿ ಸುಣ್ಣ. ಒಳಗೆ ತೇವ ಇರುವ ಗೋಡೆಗೆ ಸುಣ್ಣ ಹೊಡೆದರೆ ತಿಂಗಳಲ್ಲಿ ಹಕ್ಕಳೆ ಏಳುತ್ತೆ. ಹಾಗಂತ ಸುಡುವ ಬಿಸಿಲಲ್ಲಿ ಹೊಡೆದರೂ ನಿಲ್ಲಲ್ಲ. ಬೇಗ ಒಣಗಿ ಪುಡಿಯಾಗಿ ಬೆನ್ನಿಗೆ ಅಂಟುತ್ತೆ. ಸುಣ್ಣ ನಿಧಾನಕ್ಕೆ ಒಣಗಿ ಗಾಳಿ ಕುಡಿದರೇ ಗಟ್ಟಿ. ಚಳಿಗಾಲದ ಎಳೆ ಬಿಸಿಲು ಅದಕ್ಕೆ ಹೇಳಿ ಮಾಡಿಸಿದ್ದು. ಹಳೇ ಹಕ್ಕಳೆ ಕೆರೆದು, ಗೋಡೆಗೆ ನೀರು ಚಿಮುಕಿಸಿ, ತೆಳ್ಳಗೆ ಎರಡು ಸಲ ಹೊಡೆಯಿರಿ. ದಪ್ಪಗೆ ಒಂದು ಸಲ ಬೇಡ.

ಖರ್ಚು ಹೀಗಾಯಿತು. ಕರಲು ಮಣ್ಣು 2,400 ರೂ., ಆಳು 3,000, ಜಂತೆ ಮತ್ತು ಬಡಗಿ 3,200, ಬಚ್ಚಲ ಪೈಪು, ಸಿಮೆಂಟು 1,800, ಸುಣ್ಣ ಮತ್ತು ಕೂಲಿ 3,400. ಒಟ್ಟು 13,800 ರೂ. ಇದಕ್ಕಿಂತ ಹೆಚ್ಚು ಹಾಕಬೇಡಿ. ಟೈಲ್ಸು, ಹೊಸ ಬಾಗಿಲು ಅಂತ ಸಾಲ ಮಾಡಿ ಹಾಕಿದ ದುಡ್ಡು ಹಳ್ಳಿ ಮನೆಯಲ್ಲಿ ವಾಪಸ್ಸು ಬರೋದು ಕಷ್ಟ. ಕೊಂಡವನು ತನಗೆ ಬೇಕಾದ್ದು ತಾನೇ ಹಾಕಿಕೊಳ್ಳುತ್ತಾನೆ.

ತೋರಿಸುವುದು, ಹೇಳುವುದು

ಚಳಿಗಾಲದಲ್ಲಿ ಹೊತ್ತು ಬೇಗ ಮುಳುಗುತ್ತೆ. ಮಾಳಿಗೆ ಮನೆಯೊಳಗೆ ಐದು ಗಂಟೆಗೇ ಕತ್ತಲು. ಸಂಜೆ ಬರ್ತೀನಿ ಅಂದವರಿಗೆ ಬೆಳಿಗ್ಗೆ ಬನ್ನಿ ಅನ್ನಿ. ನಮ್ಮದು ಮೂಡಣ ಬಾಗಿಲು, ಒಂಬತ್ತು ಗಂಟೆಗೆ ಬಿಸಿಲು ನಡುಮನೆವರೆಗೆ ಬರುತ್ತೆ.

ಮುಚ್ಚಿದ ಮನೆಗೆ ಒಂಥರಾ ಮುಗ್ಗಲು ವಾಸನೆ, ಥಂಡಿ ಇರುತ್ತೆ. ಮೂರು ದಿನ ಮುಂಚಿನಿಂದ ನನ್ನ ಹೆಂಡತಿ ಹೋಗಿ ಸಗಣಿ ಸಾರಿಸಿ ಒಲೆ ಹಚ್ಚಿದಳು. ವಾಸನೆ ಹೋಯಿತು, ಹೊಗೆ ಸಲೀಸಾಗಿ ಹೊರಗೆ ಹೋಗುತ್ತೆ ಅನ್ನೋದನ್ನೂ ಬಂದವರು ನೋಡಿದರು. ಕೊಳ್ಳುವವರ ಮನೆ ಹೆಂಗಸರನ್ನು ಕರೆಸಿ. ಗಂಡಸರು ಬಾಗಿಲಲ್ಲಿ ನಿಂತು ರೇಟು ಮಾತಾಡ್ತಾರೆ. ನೀರು, ಒಲೆ, ಬಚ್ಚಲು ನೋಡೋದು ಅವರೇ.

ಬಂದವರನ್ನು ನಾನೇ ಹಿತ್ತಲ ಕೋಣೆಗೆ ಕರ್ಕೊಂಡು ಹೋದೆ. “ಈ ಮೂಲೆ ತೇವ ಹಿಡೀತೈತೆ. ಮಣ್ಣು ತೆಗ್ಸಿದ್ದೀನಿ, ಪೈಪು ಹಾಕ್ಸಿದ್ದೀನಿ. ಮುಂದಿನ ಮಳೇಲಿ ಪೂರ್ತಿ ನಿಲ್ತೈತೆ ಅಂತ ಮಾತು ಕೊಡಲ್ಲ” ಅಂದೆ. ಏಣಿ ಹಾಕಿ ಮಾಳಿಗೆ ಹತ್ತಿಸಿದೆ. ದಲ್ಲಾಳಿ ನನ್ನ ಪಂಚೆ ಎಳೆದ. ಆಮೇಲೆ ಪಕ್ಕಕ್ಕೆ ಕರೆದು, “ಯಾರಾದ್ರೂ ಹಿಂಗೆ ಹೇಳ್ತಾರೇನ್ರೀ?” ಅಂತ ರೇಗಿದ.

ಹೇಳಬೇಕು. ಕೊಳ್ಳುವವನು ಸಾಧಾರಣವಾಗಿ ನೋಡಿದರೆ ಕಾಣದ ದೊಡ್ಡ ದೋಷ ಮಾರುವವನಿಗೆ ಗೊತ್ತಿದ್ದರೆ ಅದನ್ನು ತಿಳಿಸಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲೇ ಇದೆ. ಪತ್ರ ಬರೆಯುವವರು ಓದಿ ಹೇಳಿದಾಗ ನನಗೆ ಆಶ್ಚರ್ಯವಾಯಿತು. ಜಾತ್ರೆಯಲ್ಲಿ ಎತ್ತು ಮಾರುವಾಗ ಹಾಯುತ್ತೆ, ಒದೆಯುತ್ತೆ ಅಂತ ಹೇಳುವ ನಾವು ಮನೆ ಮಾರುವಾಗ ಯಾಕೆ ಬಾಯಿ ಮುಚ್ಚುತ್ತೇವೋ.

ಆ ಮೂಲೆಗೆ 15,000 ಕಡಿಮೆ ಕೇಳಿದರು. ಕೊಟ್ಟೆ. ಆದರೆ ಉಳಿದ ಯಾವ ಮಾತಿಗೂ ಅನುಮಾನ ಪಡಲಿಲ್ಲ. 5,80,000ಕ್ಕೆ ಮುಗಿಯಿತು. ಬೇಸಿಗೆಯ ನಾಲ್ಕು ಲಕ್ಷಕ್ಕೆ ಹೋಲಿಸಿ ನೋಡಿ. ದುಡ್ಡೆಲ್ಲ ಬ್ಯಾಂಕಿನ ಮೂಲಕ. ಅಕ್ಕನ ಪಾಲು ಅಕ್ಕನ ಖಾತೆಗೇ ಹೋಯಿತು. 2025ರ ಫೆಬ್ರವರಿಯಲ್ಲಿ ಕ್ರಯಪತ್ರ ಆಯಿತು. ಆಗ ನೋಂದಣಿ ಶುಲ್ಕ ನೂರಕ್ಕೆ ಒಂದು ಇತ್ತು. 2025ರ ಆಗಸ್ಟ್ ಕೊನೆಯಿಂದ ಅದು ನೂರಕ್ಕೆ ಎರಡಾಗಿದೆ. ಇದು ಸ್ಟಾಂಪು ಸುಂಕ ಬಿಟ್ಟು. ರೂಢಿಯಲ್ಲಿ ಕೊಳ್ಳುವವರೇ ಕಟ್ಟುತ್ತಾರೆ, ಆದರೂ ಮಾತಾಡುವಾಗಲೇ ತೀರ್ಮಾನ ಮಾಡಿಕೊಳ್ಳಿ. ಕಚೇರಿ ಮೆಟ್ಟಿಲ ಮೇಲೆ ಜಗಳ ಬೇಡ.

ನನ್ನ ಪಾಲಿನಲ್ಲಿ ಮೊದಲು ಬ್ಯಾಂಕಿನಲ್ಲಿದ್ದ ಒಡವೆ ಬಿಡಿಸಿದೆ. ಹತ್ತು ಸಾವಿರ ತೆಗೆದುಕೊಂಡು ದರ್ಜಿಯ ಮನೆಗೆ ಹೋದೆ. ಅವನು ಅಷ್ಟರಲ್ಲಿ ಚಪ್ಪಡಿ ಮೇಲೆಲ್ಲ ಗಾರೆ ಹಾಕಿಸಿದ್ದ. ವಿಷಯ ಹೇಳಿದೆ. ಬೇಡ ಅನ್ನುತ್ತಾನೇನೋ ಅಂದುಕೊಂಡಿದ್ದೆ. ಬೇಡ ಅನ್ನಲಿಲ್ಲ. ಎಣಿಸಿ ಮಿಷನ್ ಡ್ರಾದಲ್ಲಿ ಇಟ್ಟುಕೊಂಡು, “ಚಹಾ ಕುಡೀರಿ” ಅಂದ. ಕುಡಿದು ಬಂದೆ. ಈಗ ಆ ಬೀದಿಯಲ್ಲೇ ಓಡಾಡ್ತೀನಿ.

ಹಳ್ಳಿ ಹಳ್ಳಿಯಲ್ಲೂ ಬೀಗ ಹಾಕಿದ ಮಾಳಿಗೆ ಮನೆಗಳಿವೆ. ಮಾರುವುದೇ ಆದರೆ ಬೀಳುವ ತನಕ ಕಾಯಬೇಡಿ, ಗರಜು ಬೀಳುವ ತನಕವೂ ಕಾಯಬೇಡಿ. ಇದೇ ದೀಪಾವಳಿಗೆ ಬೀಗ ತೆಗೆದು ಒಳಗೆ ಹೋಗಿ ಗೋಡೆ ಮುಟ್ಟಿ ನೋಡಿ. ಅಕ್ಕತಂಗೀರಿಗೆ ಫೋನು ಮಾಡಿ. ಖಾತೆ ಯಾರ ಹೆಸರಲ್ಲಿದೆ ನೋಡಿ. ಸುಣ್ಣಕ್ಕೆ ಇನ್ನೂ ಟೈಮಿದೆ.